ನಿತ್ಯದ ಕೆಲಸ, ಅನಿತ್ಯದ ನೌಕರಿ



ಹಂಗಾಮಿ ಕಚೇರಿ ನೌಕರರ ಮೇಲೆ ಬೀಳುವ ಅಧಿಕ ಕಾರ್ಯಭಾರವನ್ನೂ ಅವರಿಗೆ ದೊರೆಯುವ ಅಲ್ಪವೇತನವನ್ನೂ ಕುರಿತು ದೆಹಲಿಯ ಈ ವಿಚಾರಸಂಕಿರಣದಲ್ಲಿ ನಡೆಯಲಿರುವ ಚರ್ಚೆಗೆ ಆಶಯವನ್ನು ಮಂಡಿಸುವ ಹೊಣೆಯನ್ನು ನೀವು ನನಗೆ ವಹಿಸಿದ್ದೀರಿ. ಈ ಸ್ಥಿತಿಯನ್ನು ನೌಕರನು ಹೇಗೆ ಸಹಿಸಿಕೊಂಡು ಬಾಳಬೇಕು ಎಂಬ ಪ್ರಶ್ನೆಯೊಡನೆ ಇಂಥ ಚರ್ಚೆಗಳು ಸಾಮಾನ್ಯವಾಗಿ ಆರಂಭವಾಗುತ್ತವೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಮ್ಮ ಹಿರಿಯರು ಕಷ್ಟಕಾಲದ ಧೈರ್ಯಕ್ಕಾಗಿ ಹೇಳಿದರು. ವರ್ಷಾನುವರ್ಷ ಮುಂದುವರಿಯುವ ಒಂದು ಆಡಳಿತ ಪದ್ಧತಿಗೆ ಆಧಾರವಾಗಲೆಂದು ಹೇಳಿದುದಲ್ಲ. ಆದಕಾರಣ, ತಾಳ್ಮೆಯ ಭಾರವೆಲ್ಲ ಅತ್ಯಂತ ಕಡಿಮೆ ಸಂಬಳ ಪಡೆಯುವವನ ಹೆಗಲ ಮೇಲೆಯೇ ಏಕೆ ಬಿದ್ದಿದೆ, ಅದನ್ನು ಇಳಿಸುವ ಕಾರ್ಯ ಎಲ್ಲಿಂದ ಮೊದಲಾಗಬೇಕು ಎಂಬುದನ್ನು ನಾವು ಇಂದು ವಿಚಾರಿಸೋಣ. ನನ್ನ ಉತ್ತರ ಇಷ್ಟೆ: ಅದು ದಾಖಲೆಯಿಂದ ಮೊದಲಾಗಬೇಕು. ಸರ್ಕಾರದ ಸಮಸ್ತ ದಾಖಲೆಗಳನ್ನು ತನ್ನ ಕೈಯಿಂದಲೇ ಬರೆದು, ತಿದ್ದಿ, ಕಾಪಾಡುವ ನೌಕರನಿಗೆ ಸಂಬಂಧಿಸಿದ ದಾಖಲೆಯೇ ಆ ಕಚೇರಿಯಲ್ಲಿ ಇಲ್ಲದಿರುವುದು ಅವನ ದುರವಸ್ಥೆಯ ಮೂಲವೆಂದು ನಾನು ತಿಳಿದಿದ್ದೇನೆ.

ಈ ರಾಜಧಾನಿಯ ಒಂದು ಕಚೇರಿಯನ್ನು ಸಮೀಪದಿಂದ ನೋಡೋಣ. ಸಂಸತ್ತಿನ ಅಧಿವೇಶನದ ಕಾಲ. ಸಚಿವಾಲಯದ ಒಂದು ಶಾಖೆಗೆ ಪ್ರಶ್ನೆಯೊಂದು ಬಂದಿದೆ. ರಾಜ್ಯಗಳಿಂದ ಅಂಕಿ ಅಂಶಗಳನ್ನು ತರಿಸಬೇಕು, ಅವನ್ನು ಕೋಷ್ಟಕಕ್ಕೆ ಇಳಿಸಬೇಕು, ಇಂಗ್ಲಿಷಿನ ಪ್ರತಿಗೂ ಹಿಂದಿಯ ಪ್ರತಿಗೂ ತಾಳೆ ನೋಡಬೇಕು, ಮೇಲಧಿಕಾರಿಗಳು ಮಾಡಿದ ತಿದ್ದುಪಡಿಗಳನ್ನು ಮತ್ತೆ ಮತ್ತೆ ಸೇರಿಸಬೇಕು. ಆ ಕಂಪ್ಯೂಟರಿನ ಮುಂದೆ ಕುಳಿತವಳು ಡೇಟಾ ಎಂಟ್ರಿ ಆಪರೇಟರ್ ಎಂಬ ಹೆಸರಿನ ಗುತ್ತಿಗೆ ನೌಕರಳು. ಸಂಜೆ ಐದೂವರೆಗೆ ಮುಗಿಯಬೇಕಾದ ದಿನ ರಾತ್ರಿ ಎಂಟಾದರೂ ಮುಗಿಯದು. ಆ ಮೇಲೆ ಮೆಟ್ರೊ ಹಿಡಿದು, ಇಳಿದು, ಇ-ರಿಕ್ಷಾ ಏರಿ ಉತ್ತಮ್ ನಗರದ ಒಳಗಲ್ಲಿಯ ಬಾಡಿಗೆ ಕೋಣೆಯನ್ನು ಸೇರಬೇಕು. ತಿಂಗಳ ಕೊನೆಗೆ ಗುತ್ತಿಗೆದಾರನಿಗೆ ಹೋಗುವ ಹಾಜರಿಪಟ್ಟಿಯಲ್ಲಿ ದಿನಗಳ ಲೆಕ್ಕವಿರುತ್ತದೆಯೇ ಹೊರತು ಗಂಟೆಗಳ ಲೆಕ್ಕವಿರುವುದಿಲ್ಲ. ಸದನದಲ್ಲಿ ಮಂತ್ರಿಗಳು ಓದುವ ಉತ್ತರದ ಪ್ರತಿಯೊಂದು ಅಂಕಿಯೂ ಇವಳ ಬೆರಳಿನಡಿ ಹಾದುಹೋದದ್ದು; ಆದರೆ ಇವಳು ಆ ರಾತ್ರಿ ಅಲ್ಲಿ ಇದ್ದಳೆಂಬುದಕ್ಕೆ ಒಂದು ಸಾಲಿನ ಸಾಕ್ಷ್ಯವೂ ಉಳಿಯುವುದಿಲ್ಲ.

ಇನ್ನು ಮಾರ್ಚ್ ತಿಂಗಳು ಬಂದಿತೆಂದರೆ ಬೇರೊಂದು ಕಳವಳ. 31ಕ್ಕೆ ಗುತ್ತಿಗೆಯ ಅವಧಿ ತೀರುತ್ತದೆ. ಎಕ್ಸ್‌ಟೆನ್ಷನ್ ಬಂದಿತೆ ಎಂಬುದೊಂದೇ ಮಾತು ಕಾರಿಡಾರಿನಲ್ಲಿ ಕೇಳಿಬರುತ್ತದೆ. ಟೆಂಡರು ಬೇರೊಬ್ಬ ಗುತ್ತಿಗೆದಾರನ ಪಾಲಾದರೆ, ಅದೇ ಕುರ್ಚಿಯಲ್ಲಿ, ಅದೇ ಕಡತಗಳ ನಡುವೆ, ಅದೇ ನೌಕರಳು ಹೊಸಬಳಾಗಿ ನೇಮಕಗೊಳ್ಳುತ್ತಾಳೆ. ಉಳಿದಿದ್ದ ರಜೆ ಹೋಯಿತು. ಭವಿಷ್ಯನಿಧಿಯ ಖಾತೆಗೆ ಮತ್ತೊಂದು ಸದಸ್ಯ ಸಂಖ್ಯೆ ಬಂದಿತು. ಉಪದಾನಕ್ಕೆ, ಅಂದರೆ ಗ್ರಾಚುಯಿಟಿಗೆ ಬೇಕಾದ ನಿರಂತರ ಸೇವೆಯ ಎಣಿಕೆ ಪುನಃ ಮೊದಲಿನಿಂದ ಆರಂಭವಾಯಿತು. ಹಳೆಯ ಗುತ್ತಿಗೆದಾರನ ಬಿಲ್ಲು ಪಾಸಾಗದಿದ್ದರೆ ಕೊನೆಯ ತಿಂಗಳ ಸಂಬಳಕ್ಕಾಗಿ ಯಾರ ಬಾಗಿಲನ್ನು ತಟ್ಟಬೇಕೆಂಬುದೂ ತಿಳಿಯದು: ಕಚೇರಿಯವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಗುತ್ತಿಗೆದಾರನು ಕಚೇರಿಯನ್ನು ತೋರಿಸುತ್ತಾನೆ.

ಸಂಬಳದ ವಿಷಯವನ್ನು ಅಂಕಿಗಳಲ್ಲಿಯೇ ನೋಡುವುದು ಯುಕ್ತ. 2025ರ ಏಪ್ರಿಲಿನಿಂದ ದೆಹಲಿ ಸರ್ಕಾರ ಜಾರಿಗೆ ತಂದ ಕನಿಷ್ಠ ವೇತನದ ದರದಂತೆ, ಮೆಟ್ರಿಕ್ ತೇರ್ಗಡೆಯಾದ ಗುಮಾಸ್ತನಿಗೆ ತಿಂಗಳಿಗೆ 22,411 ರೂಪಾಯಿ, ಪದವೀಧರನಿಗೆ 24,356 ರೂಪಾಯಿ. ಅದೇ ಕಾಲದಲ್ಲಿ ಏಳನೆಯ ವೇತನ ಆಯೋಗದ ಎರಡನೆಯ ಹಂತದಲ್ಲಿ ಆಗತಾನೆ ಸೇರಿದ ಕಾಯಂ ಕಿರಿಯ ಗುಮಾಸ್ತನ ಮೂಲವೇತನ 19,900 ರೂಪಾಯಿ. ಅದಕ್ಕೆ ಶೇಕಡ 55ರ ತುಟ್ಟಿಭತ್ಯೆಯನ್ನೂ ಶೇಕಡ 30ರ ಮನೆಬಾಡಿಗೆ ಭತ್ಯೆಯನ್ನೂ ಕೂಡಿಸಿದರೆ 36,815 ರೂಪಾಯಿ. ಎರಡು ಕುರ್ಚಿಗಳ ನಡುವಣ ಅಂತರ ಒಂದು ಮೇಜಿನಷ್ಟು. ಸಂಬಳದ ಅಂತರ ಹನ್ನೆರಡು ಸಾವಿರಕ್ಕೂ ಮಿಗಿಲು. ಯಮುನೆಯನ್ನು ದಾಟಿ ನೊಯ್ಡಾಕ್ಕೆ ಹೋದರೆ ಉತ್ತರ ಪ್ರದೇಶದ ದರ, ದಕ್ಷಿಣಕ್ಕೆ ಗುರುಗ್ರಾಮಕ್ಕೆ ಹೋದರೆ ಹರಿಯಾಣದ ದರ. ಆಗ ಅವೆರಡೂ ದೆಹಲಿಯ ದರಕ್ಕಿಂತ ಬಹಳ ಕೆಳಗಿದ್ದವು. ಒಂದೇ ಮೆಟ್ರೊ ಹಾದಿಯಲ್ಲಿ, ಹೆಚ್ಚುಕಡಿಮೆ ಒಂದೇ ದರದ ಬೇಳೆ ಬಾಡಿಗೆಗಳ ನಡುವೆ ಬದುಕುವವರ ಶ್ರಮಕ್ಕೆ ರಾಜ್ಯದ ಗಡಿಯೊಂದು ಬೇರೆ ಬೇರೆ ಬೆಲೆ ಕಟ್ಟುತ್ತದೆ.

ಇದರಲ್ಲಿ ಅಡಗಿರುವ ಇನ್ನೊಂದು ಸಂಕಟವನ್ನು ಗಮನಿಸಿರಿ. ನೌಕರರ ರಾಜ್ಯವಿಮೆ, ಅಂದರೆ ಇಎಸ್‌ಐ ಯೋಜನೆಯ ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000 ರೂಪಾಯಿಗೆ ನಿಗದಿಪಡಿಸಲಾಯಿತು. ಕನಿಷ್ಠ ವೇತನ ಆ ಮಿತಿಯನ್ನು ಮೀರಿ ಬೆಳೆದುದರಿಂದ, ಶಾಸನ ವಿಧಿಸಿದ ಅತ್ಯಂತ ಕಡಿಮೆ ಸಂಬಳ ಪಡೆಯುವ ದೆಹಲಿಯ ಮೆಟ್ರಿಕ್ ತೇರ್ಗಡೆಯಾದ ಗುಮಾಸ್ತನು, ಸಂಬಳ ಹೆಚ್ಚಾಯಿತೆಂಬ ಕಾರಣದಿಂದ ವಿಮೆಯ ಆಸ್ಪತ್ರೆಯಿಂದ ಹೊರಗುಳಿದಿದ್ದಾನೆ. ಕಾಯಂ ನೌಕರನಿಗಿರುವ ಸರ್ಕಾರಿ ಆರೋಗ್ಯ ಸೌಲಭ್ಯವಂತೂ ಅವನಿಗೆ ಮೊದಲೇ ಇಲ್ಲ. 1957ರ ಜುಲೈಯಲ್ಲಿ ಇದೇ ನವದೆಹಲಿಯಲ್ಲಿ ಕೂಡಿದ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೆಯ ಅಧಿವೇಶನವು, ದುಡಿಯುವವನೊಬ್ಬನ ಗಳಿಕೆಯಿಂದ ಕುಟುಂಬವೊಂದರ ಅನ್ನ, ಬಟ್ಟೆ, ವಸತಿ, ಇಂಧನಗಳು ನಡೆಯುವಂತೆ ಕನಿಷ್ಠ ವೇತನವನ್ನು ಗಣಿಸಬೇಕೆಂದು, ವರ್ಷಕ್ಕೆ ಇಷ್ಟು ಗಜ ಬಟ್ಟೆ ಎಂಬಷ್ಟು ಸೂಕ್ಷ್ಮವಾಗಿ ವಿಧಿಸಿತ್ತು. ಆ ಮಹನೀಯರ ದೃಷ್ಟಿಯಲ್ಲಿ ವೇತನವೆಂಬುದು ಒಂದು ಸಂಸಾರದ ಜೀವನಾಧಾರವಾಗಿತ್ತು. ಇಂದಾದರೋ ಮನುಷ್ಯಶ್ರಮವನ್ನು ಮ್ಯಾನ್‌ಪವರ್ ಎಂಬ ಸೇವೆಯ ಹೆಸರಿನಲ್ಲಿ, 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆಯಲ್ಲಿ, ಕುರ್ಚಿ ಮೇಜುಗಳನ್ನು ಕೊಳ್ಳುವ ತಾಣದಲ್ಲಿಯೇ, ಟೆಂಡರಿನ ಮೂಲಕ ಕೊಳ್ಳಲಾಗುತ್ತಿದೆ.

ಕಾರ್ಯಭಾರದ ಮಾತಿಗೆ ಬರೋಣ. ಒಂದು ಶಾಖೆಯಲ್ಲಿ ಎಷ್ಟು ಕೆಲಸವಿದೆ, ಅದಕ್ಕೆ ಎಷ್ಟು ಮಂದಿ ಬೇಕು ಎಂಬುದನ್ನು ಅಳೆಯುವ ಶಾಸ್ತ್ರ ನಮ್ಮ ಆಡಳಿತಕ್ಕೆ ಹೊಸದೇನೂ ಅಲ್ಲ. 1964ರಲ್ಲಿಯೇ ಹಣಕಾಸು ಸಚಿವಾಲಯದಲ್ಲಿ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಎಂಬ ಘಟಕ ಸ್ಥಾಪಿತವಾಯಿತು; ಕಚೇರಿಗಳ ಕೆಲಸವನ್ನು ಪರಿಶೀಲಿಸಿ, ಸಿಬ್ಬಂದಿಯ ಪ್ರಮಾಣವನ್ನು ನಿರ್ಧರಿಸುವುದು ಅದರ ಕರ್ತವ್ಯ. ಆದರೆ ಅಳತೆ ಸಲ್ಲುವುದು ಮಂಜೂರಾದ ಹುದ್ದೆಗಳಿಗೆ. ಹುದ್ದೆ ಖಾಲಿ ಬಿದ್ದಾಗ ಅದರ ಕೆಲಸ ಖಾಲಿಯಾಗುವುದಿಲ್ಲ; ಅದು ಸದ್ದಿಲ್ಲದೆ ಪಕ್ಕದ ಹಂಗಾಮಿಯವನ ಮೇಜಿಗೆ ಸರಿಯುತ್ತದೆ. ಡೈರಿ, ಡಿಸ್ಪ್ಯಾಚು, ಮಾಹಿತಿ ಹಕ್ಕಿನ ಅರ್ಜಿಗಳು, ನ್ಯಾಯಾಲಯದ ಪ್ರಕರಣಗಳ ಪಟ್ಟಿ, ಇವೆಲ್ಲವೂ ಒಂದೊಂದಾಗಿ ಬಂದು ಅಲ್ಲಿ ನೆಲೆಸುತ್ತವೆ. ಆಗದು ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ನವೀಕರಣದ ಪತ್ರಕ್ಕೆ ಶಿಫಾರಸು ಮಾಡಬೇಕಾದವರೂ ಕೆಲಸ ಹೇರುವವರೂ ಒಬ್ಬರೇ ಆಗಿರುವಾಗ, ಅವನ ಸಮ್ಮತಿಯನ್ನು ಸಮ್ಮತಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಪ್ರಶ್ನೆಯ ನ್ಯಾಯಚರಿತ್ರೆಯಲ್ಲಿ ನಮ್ಮ ಕನ್ನಡ ನಾಡಿಗೆ ದೊಡ್ಡ ಸ್ಥಾನವಿದೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ, ಕರ್ನಾಟಕ ಸರ್ಕಾರದ ಸೇವೆಯಲ್ಲಿ ಅಂಥ ನೌಕರರು ಸುಮಾರು 50 ಸಾವಿರ ಮಂದಿ ಇದ್ದರೆಂಬ ಸಂಗತಿ ಬೆಳಕಿಗೆ ಬಂದಿತು. 1990ರ ತೀರ್ಪಿನಲ್ಲಿ ನ್ಯಾಯಾಲಯವು 1984ರ ಜುಲೈ 1ರಂದು ಅಥವಾ ಅದಕ್ಕೆ ಮುಂಚೆ ಸೇರಿದವರನ್ನು ಹಂತಹಂತವಾಗಿ ಕಾಯಂ ಮಾಡುವ ಯೋಜನೆಯನ್ನು ರೂಪಿಸಿಕೊಟ್ಟಿತು. ಮುಂದೆ, ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಮೊದಲಾದ ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್ 10ರಂದು ಸಂವಿಧಾನ ಪೀಠವು, ಹಿಂಬಾಗಿಲ ನೇಮಕವನ್ನು ಕಾಯಂಗೊಳಿಸುವುದು ಸ್ಪರ್ಧೆಗೆ ಅವಕಾಶವೇ ದೊರೆಯದ ಅಸಂಖ್ಯ ಯುವಜನರಿಗೆ ಮಾಡುವ ಅನ್ಯಾಯವೆಂದು ನಿರ್ಣಯಿಸಿತು. ಆ ತತ್ತ್ವ ಗೌರವಾರ್ಹವಾದುದು. ಆದರೆ ಅದೇ ತೀರ್ಪು, ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ಅಥವಾ ಹೆಚ್ಚು ಕಾಲ ನ್ಯಾಯಾಲಯದ ಆಜ್ಞೆಯ ರಕ್ಷಣೆಯಿಲ್ಲದೆ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಕಾಯಂ ಮಾಡಲು ಪರಿಗಣಿಸಬೇಕೆಂದೂ ವಿಧಿಸಿತ್ತು. ಮುಂದಿನ ವರ್ಷಗಳಲ್ಲಿ ನಿಷೇಧದ ಭಾಗವನ್ನು ಎಲ್ಲರೂ ನೆನಪಿಟ್ಟುಕೊಂಡರು. ಕರ್ತವ್ಯದ ಭಾಗವನ್ನು ಮರೆತವರೇ ಹೆಚ್ಚು.

ಆ ಮರೆವನ್ನು ತಿದ್ದಿದ ಪ್ರಕರಣ ನಾವು ಕುಳಿತಿರುವ ಈ ಪ್ರದೇಶದ್ದೇ. ಫರೀದಾಬಾದಿನಲ್ಲಿ ಕೇಂದ್ರ ಜಲ ಆಯೋಗದ ಕಚೇರಿಯನ್ನು ಗುಡಿಸಿ, ಒರೆಸಿ, ತೋಟವನ್ನು ನೋಡಿಕೊಳ್ಳುತ್ತಿದ್ದ ಕೆಲವು ನೌಕರರು, ಅವರಲ್ಲಿ ಕೆಲವರು 1990ರ ದಶಕದಿಂದ ಸೇವೆಯಲ್ಲಿದ್ದವರು, ತಮ್ಮನ್ನು ಕಾಯಂ ಮಾಡಬೇಕೆಂದು ಕೇಳಿದರು. ಆಡಳಿತ ನ್ಯಾಯಮಂಡಳಿ ಅರ್ಜಿಯನ್ನು ತಳ್ಳಿಹಾಕಿದ ಮೇಲೆ 2018ರಲ್ಲಿ ಅವರನ್ನು ಕೆಲಸದಿಂದಲೇ ತೆಗೆಯಲಾಯಿತು. ಜಗ್ಗೋ ಪ್ರಕರಣವೆಂದು ಹೆಸರಾದ ಆ ವಿವಾದದಲ್ಲಿ 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು, ನೇಮಕ ಪತ್ರದಲ್ಲಿ ಹಚ್ಚಿದ ಹೆಸರನ್ನಲ್ಲ, ಕೆಲಸದ ನಿರಂತರತೆಯನ್ನೂ ಅವಶ್ಯಕತೆಯನ್ನೂ ನೋಡಬೇಕೆಂದು ಹೇಳಿ, ಅವರನ್ನು ಮರಳಿ ಸೇರಿಸಿಕೊಂಡು ಕಾಯಂ ಮಾಡುವಂತೆ ಆಜ್ಞಾಪಿಸಿತು. ಅದಕ್ಕೂ ಮುಂಚೆ, 2016ರ ಅಕ್ಟೋಬರಿನಲ್ಲಿ, ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ, ಸಮಾನ ಕೆಲಸ ಮಾಡುವ ಹಂಗಾಮಿ ನೌಕರನಿಗೆ ಕಾಯಂ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲಬೇಕೆಂದು ಅದೇ ನ್ಯಾಯಾಲಯ ನಿರ್ಣಯಿಸಿತ್ತು.

ಈ ತೀರ್ಪುಗಳಿಂದ ನಾವು ಕಲಿಯಬೇಕಾದ ವ್ಯಾವಹಾರಿಕ ಪಾಠವೊಂದಿದೆ. ನ್ಯಾಯಪೀಠದ ಮುಂದೆ ಏಳುವ ಪ್ರಶ್ನೆ ಎಲ್ಲ ಪ್ರಕರಣಗಳಲ್ಲಿಯೂ ಒಂದೇ: ಎಷ್ಟು ಕಾಲ ದುಡಿದೆ, ಏನು ದುಡಿದೆ, ಅದಕ್ಕೆ ಆಧಾರವೇನು? ಆಧಾರವುಳ್ಳವನ ದುಡಿಮೆ ಹಕ್ಕಾಗಿ ಮಾರ್ಪಡುತ್ತದೆ. ಆಧಾರವಿಲ್ಲದವನದು ಗಾಳಿಗೆ ಹೋಗುತ್ತದೆ. ಹಂಗಾಮಿ ನೌಕರರು ಇಂದು ತಮ್ಮ ಬದುಕನ್ನು ಸಾಗಿಸುವ ಉಪಾಯಗಳನ್ನು ನಾನು ಬಲ್ಲೆ. ಸಂಜೆಯ ಟ್ಯೂಷನ್ನು, ಭಾನುವಾರದ ಪಾರ್ಸೆಲ್ ಹಂಚಿಕೆ, ನಮ್ಮ ಕಡೆಯ ಚೀಟಿಯಂತೆ ಹತ್ತು ಮಂದಿ ಸಹೋದ್ಯೋಗಿಗಳು ಕೂಡಿ ಹಾಕುವ ಕಮೇಟಿ, ಮಗಳ ಕಾಲೇಜು ಶುಲ್ಕಕ್ಕಾಗಿ ಭವಿಷ್ಯನಿಧಿಯಿಂದ ತೆಗೆದ ಹಣ, ಕಿರಿಯ ಗುಮಾಸ್ತರ ಪರೀಕ್ಷೆಗೆ ವಯೋಮಿತಿ 27 ದಾಟುವ ತನಕ ರಾತ್ರಿ ಓದಿದ ಪುಸ್ತಕಗಳು. ಇವುಗಳಲ್ಲಿ ಕಾಣುವ ಸ್ವಾಭಿಮಾನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇವೆಲ್ಲವೂ ತಿಂಗಳನ್ನು ದಾಟಿಸುವ ಉಪಾಯಗಳು. ವರ್ಷಗಳನ್ನು ಕಾಪಾಡುವ ಉಪಾಯ ಕಾಗದದ ಕಟ್ಟು ಒಂದೇ. ಪ್ರತಿಯೊಬ್ಬ ಗುತ್ತಿಗೆದಾರನ ನೇಮಕ ಪತ್ರ, ಸಂಬಳ ಜಮೆಯಾದ ಬ್ಯಾಂಕಿನ ಪಾಸ್‌ಬುಕ್ಕು, ಭವಿಷ್ಯನಿಧಿಯ ಯುಎಎನ್ ಪಾಸ್‌ಬುಕ್ಕು, ಕಚೇರಿಯ ಗೇಟ್‌ಪಾಸು, ಕೆಲಸ ಹಂಚಿಕೆಯ ಆದೇಶ, ತಡವಾಗಿ ನಿಂತ ದಿನಗಳ ಸ್ವಂತ ಟಿಪ್ಪಣಿ, ಇವನ್ನು ಮನೆಯ ಸ್ವತ್ತಿನ ಪತ್ರದಂತೆ ಜೋಪಾನ ಮಾಡಬೇಕೆಂದು ನನ್ನ ಸೋದರ ಸೋದರಿಯರನ್ನು ಕೇಳಿಕೊಳ್ಳುತ್ತೇನೆ.

ದಾಖಲೆಯ ಹೊಣೆಯನ್ನೆಲ್ಲ ನೌಕರನ ಮೇಲೆಯೇ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯನ್ನು ಒಳಗೊಂಡು ರಚಿತವಾದ 2020ರ ಸಂಹಿತೆಯೂ ಅದರ ಜೊತೆಯ ಮೂರು ಕಾರ್ಮಿಕ ಸಂಹಿತೆಗಳೂ 2025ರ ನವೆಂಬರ್ 21ರಂದು ಜಾರಿಗೆ ಬಂದವು. ಗುತ್ತಿಗೆಯ ನಿಯಮಗಳು ಅನ್ವಯಿಸಲು ಹಿಂದೆ 20 ಮಂದಿ ಕಾರ್ಮಿಕರಿದ್ದರೆ ಸಾಕಿತ್ತು, ಈಗ 50 ಮಂದಿ ಬೇಕು. ಇದು ಸಣ್ಣ ಗುತ್ತಿಗೆಗಳ ನೌಕರರಿಗೆ ಆದ ನಷ್ಟ. ಆದರೆ ನೇಮಕ ಪತ್ರವನ್ನು ಲಿಖಿತವಾಗಿ ಕೊಡಲೇಬೇಕೆಂಬ ವಿಧಿ ಅದೇ ಸಂಹಿತೆಯಲ್ಲಿದೆ; ಅದನ್ನು ನಾವು ಬಿಗಿಯಾಗಿ ಹಿಡಿಯಬೇಕು.

ಆದುದರಿಂದ ಈ ಸಂಕಿರಣದ ಗೋಷ್ಠಿಗಳಿಗೆ ನಾನು ಮೂರು ಕಾರ್ಯಗಳನ್ನು ಸೂಚಿಸುತ್ತೇನೆ. ಮೊದಲನೆಯದಾಗಿ, ಗುತ್ತಿಗೆದಾರರು ಎಷ್ಟೇ ಬದಲಾದರೂ ನೌಕರನೊಡನೆ ಮುಂದುವರಿಯುವ ಒಂದು ಸೇವಾಪುಸ್ತಕವನ್ನು ಕೆಲಸ ಪಡೆಯುವ ಕಚೇರಿಯೇ ಇಡತಕ್ಕದ್ದೆಂಬ ನಿಯಮದ ಕರಡನ್ನು ಕಾನೂನು ಬಲ್ಲವರು ಸಿದ್ಧಪಡಿಸಲಿ. ಎರಡನೆಯದಾಗಿ, ಕಾಯಂ ಹುದ್ದೆಗಳಿಗೆ ಸಲ್ಲುವ ಕಾರ್ಯಭಾರದ ಅಳತೆ ಹಂಗಾಮಿಯವರ ಮೇಜಿಗೂ ಸಲ್ಲುವಂತೆ, ಪ್ರತಿಯೊಂದು ಕಚೇರಿಯೂ ತನ್ನಲ್ಲಿರುವ ಗುತ್ತಿಗೆ ನೌಕರರ ಸಂಖ್ಯೆಯನ್ನೂ ಅವರು ಮಾಡುವ ಕೆಲಸವನ್ನೂ ವರ್ಷಕ್ಕೊಮ್ಮೆ ಪ್ರಕಟಿಸುವಂತೆ, ಆಡಳಿತಶಾಸ್ತ್ರಜ್ಞರು ಒಂದು ವಿಧಾನವನ್ನು ರೂಪಿಸಲಿ. ಮೂರನೆಯದಾಗಿ, ಕಾಯಂ ನೌಕರರ ಸಂಘಗಳು ತಮ್ಮ ಬಾಗಿಲನ್ನು ಈ ನೌಕರರಿಗೆ ತೆರೆಯಲಿ. ಪಕ್ಕದ ಮೇಜಿನವನ ಸಂಬಳ ತಡವಾದ ತಿಂಗಳಲ್ಲಿ ಸಂಘದ ವತಿಯಿಂದ ಒಂದು ಪತ್ರ ಹೋದರೆ ಅದಕ್ಕಿರುವ ತೂಕ, ಒಂಟಿಯಾಗಿ ಬೇಡಿಕೊಳ್ಳುವವನ ಹತ್ತು ಅರ್ಜಿಗಳಿಗಿಲ್ಲ. ಇಂದು ಇಲ್ಲಿರುವ ಕಾಯಂ ನೌಕರ ಮಿತ್ರರಿಗೆ ಇದು ನನ್ನ ವಿಶೇಷ ವಿಜ್ಞಾಪನೆ.

ಈ ಮೂರೂ ಇಂದಿನ ಕಾನೂನಿನ ಚೌಕಟ್ಟಿನೊಳಗೆ ಆಗತಕ್ಕ ಕೆಲಸಗಳು. ಸ್ಪರ್ಧಾತ್ಮಕ ನೇಮಕದ ತತ್ತ್ವಕ್ಕೆ ಇವುಗಳಿಂದ ಯಾವ ಭಂಗವೂ ಬಾರದು. ಕೆಲಸ ನಿತ್ಯವಾದುದೆಂದು ಕಡತ ಒಪ್ಪಿಕೊಂಡ ಮೇಲೆ, ಆ ಹುದ್ದೆಯನ್ನು ಮಂಜೂರು ಮಾಡಿ ನ್ಯಾಯವಾದ ರೀತಿಯಲ್ಲಿ ತುಂಬುವುದನ್ನೂ, ಅಲ್ಲಿಯವರೆಗೆ ಅದನ್ನು ನಡೆಸಿದವನಿಗೆ ಸಮಾನ ವೇತನ ಕೊಡುವುದನ್ನೂ ಸರ್ಕಾರ ಬಹುಕಾಲ ತಪ್ಪಿಸಲಾರದು. ಸಂಜೆಯ ಸಮಾರೋಪದ ಹೊತ್ತಿಗೆ ಮೂರು ಗೋಷ್ಠಿಗಳಿಂದಲೂ ಲಿಖಿತ ನಿರ್ಣಯಗಳು ಅಧ್ಯಕ್ಷರ ಕೈ ಸೇರಲಿ, ಅವು ಸಂಬಂಧಪಟ್ಟ ಸಚಿವಾಲಯಗಳಿಗೂ ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳ ಸರ್ಕಾರಗಳಿಗೂ ತಲುಪಲಿ ಎಂದು ಹಾರೈಸುತ್ತೇನೆ.