ದಾಕು ಹಾಕುವವರು ಬಂದಾಗ

1950ರ ದಶಕದ ಕೊನೆಯ ಮಾತು. ನಾನಾಗ ಆರು ವರ್ಷದ ಹುಡುಗ. ಸಿಡುಬಿನ ದಾಕು ಹಾಕುವವರು ಬರುತ್ತಾರೆಂಬ ಸುದ್ದಿ ಹಬ್ಬಿದೊಡನೆ ನಮ್ಮ ಹಳ್ಳಿಯ ಬೀದಿ ಬಿಕೋ ಎನ್ನುತ್ತಿತ್ತು. ತಾಯಂದಿರು ಮಕ್ಕಳನ್ನು ಅಟ್ಟದ ಮೇಲೋ ಹುಲ್ಲಿನ ಮೆದೆಯ ಹಿಂದೆಯೋ ಅಡಗಿಸುತ್ತಿದ್ದರು. ದಾಕಿನವರು ಬರುತ್ತಿದ್ದುದು ಶಾನುಭೋಗರನ್ನೂ ತಳವಾರನನ್ನೂ ಮುಂದಿಟ್ಟುಕೊಂಡು. ಕಂದಾಯದ ವಸೂಲಿಗೆಂದು ಬಾಗಿಲು ತಟ್ಟುತ್ತಿದ್ದವರೂ ಅವರೇ. ಜನ ಬಾಗಿಲು ಮುಚ್ಚಿಕೊಂಡದ್ದರಲ್ಲಿ ಆಶ್ಚರ್ಯವೇನು?

ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದ ದಾಕಿನವರು ಮೂರನೆಯ ಸಲ ಒಬ್ಬರೇ ಬಂದರು. ಊರಿನ ಸೂಲಗಿತ್ತಿಯ ಜಗುಲಿಯ ಮೇಲೆ ಕುಳಿತು ಬಹಳ ಹೊತ್ತು ಮಾತನಾಡಿದರು. ಮರುದಿನ ಆಕೆ ತನ್ನ ಮೊಮ್ಮಗನಿಗೆ ಎಲ್ಲರೆದುರು ದಾಕು ಹಾಕಿಸಿ, ನೇರವಾಗಿ ನಮ್ಮ ಮನೆಗೆ ಬಂದಳು. "ಈ ಕೂಸು ಭೂಮಿಗೆ ಬಿದ್ದಾಗ ಹಿಡಿದದ್ದು ಇದೇ ಕೈ ಕಣವ್ವ. ಇವತ್ತೂ ನಾನೇ ಹಿಡ್ಕೋತೀನಿ, ಕಳಿಸು" ಎಂದಳು. ಅಜ್ಜಿ ಮರುಮಾತಾಡದೆ ಕಳುಹಿಸಿದರು. ನನ್ನ ತೋಳಿನ ಕಲೆಗಳು ಅಂದಿನವು. ಪಕ್ಕದ ಮನೆಯವರು ಮಾತ್ರ ಮೊದಲ ಸಲದ ದರ್ಪಕ್ಕೆ ಹೆದರಿ ಮಗನನ್ನು ಅದಾಗಲೇ ಸೋದರಮಾವನ ಊರಿಗೆ ಸಾಗಿಸಿದ್ದರು. ಮರುವರ್ಷ ಅವನಿಗೆ ಸಿಡುಬು ತಗುಲಿತು. ನನ್ನ ಜೊತೆಗಾರ ಬದುಕಿಕೊಂಡ. ಅವನ ಕಣ್ಣುಗಳು ಉಳಿಯಲಿಲ್ಲ.

ಆ ಮನೆಯವರನ್ನು ಮೂಢರೆಂದು ನಾನು ಬಹುಕಾಲ ಹಳಿದದ್ದುಂಟು. ಈಗ ಹಾಗೆ ತೋರದು. ಅವರ ಪಾಲಿಗೆ ಸಿಡುಬೆಂದರೆ ಮನೆಗೆ ಬಂದ ಅಮ್ಮ. ಬೇವಿನ ಸೊಪ್ಪು ಕಟ್ಟಿ, ಮಡಿಯಿಂದಿದ್ದು ಆಕೆಯನ್ನು ಸಮಾಧಾನಪಡಿಸಿ ಕಳುಹಿಸಬೇಕು. ಚುಚ್ಚಿ ತಡೆಯುವುದೆಂದರೆ ಆಕೆಗೆ ಅಪಚಾರ. ಜೊತೆಗೆ, ಚುಚ್ಚಿದ ತೋಳು ಬಾತು ಜ್ವರ ಬಂದರೆ ಮಗುವನ್ನು ನೋಡಿಕೊಳ್ಳಲು ತಾಯಿಯ ಕೂಲಿ ತಪ್ಪುತ್ತಿತ್ತು. ಇವೆಲ್ಲ ಕೇವಲ ಅಜ್ಞಾನವಲ್ಲ, ಅವರವರ ಬದುಕಿನ ಲೆಕ್ಕಾಚಾರ.

ಈ ಅಳುಕು ಹಳೆಯದು. ಜೆನ್ನರ್ 1798ರಲ್ಲಿ ಪ್ರಕಟಿಸಿದ ವಿಧಾನ ಭಾರತದಲ್ಲಿ ಮೊದಲು ಫಲಿಸಿದ್ದು 1802ರಲ್ಲಿ, ಮುಂಬಯಿಯ ಮೂರು ವರ್ಷದ ಮಗುವೊಂದರ ತೋಳಿನಲ್ಲಿ. ಆಗ ಒಂದು ಮಗುವಿನ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ಯಾವ ಜಾತಿಯ ಮಗುವಿನ ರಸ ಯಾರ ಮೈಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಇದಕ್ಕೆ ಉತ್ತರದಂತಿದೆ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದು. ಅದರಲ್ಲಿರುವ ಮೂವರು ಸ್ತ್ರೀಯರು ಮೈಸೂರು ಅರಮನೆಯವರೆಂದೂ, ಸೆರಗು ಸರಿಸಿ ತೋಳು ತೋರುವ ತರುಣಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಅದು ನಿಜವಾದರೆ, ವೈದ್ಯನ ನೂರು ವಾದಗಳು ಮಾಡಲಾಗದ್ದನ್ನು ಮಾಡಲು ಅರಮನೆ ತನ್ನ ಸೊಸೆಯ ತೋಳನ್ನೇ ಮುಂದಿಟ್ಟಿತೆನ್ನಬೇಕು. ಜನಭಾಷೆಯೂ ತನ್ನದೇ ದಾರಿ ಕಂಡುಕೊಂಡಿತು. ಉತ್ತರ ಕರ್ನಾಟಕದಲ್ಲಿ ಚುಚ್ಚುವುದಕ್ಕೇ "ದೇವಿ ಹಾಕುವುದು" ಎಂದರು.

ಬಲವಂತದ ನೆನಪು ಬೇಗ ಅಳಿಯದು. 1976ರ ಸಂತಾನಹರಣ ಶಸ್ತ್ರಚಿಕಿತ್ಸೆಗಳ ಭೀತಿಯನ್ನು ಕಂಡಿದ್ದ ಉತ್ತರ ಪ್ರದೇಶದಲ್ಲಿ, ಮುಂದೆ ಪೋಲಿಯೊ ಹನಿ ಬಂದಾಗ, ಇದರಿಂದ ಮಕ್ಕಳಾಗುವುದಿಲ್ಲವೆಂಬ ವದಂತಿ ಹಬ್ಬಿತು. ಮನೆಗಳ ಬಾಗಿಲು ತೆರೆಸಿದ್ದು ಅದೇ ಮೊಹಲ್ಲಾದ ಹೆಂಗಸರು ಮತ್ತು ಮಸೀದಿಗಳ ಇಮಾಮರು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಹೌರಾ ಜಿಲ್ಲೆಯಲ್ಲಿ. 2017ರಲ್ಲಿ ನಮ್ಮ ರಾಜ್ಯದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಮೊಬೈಲುಗಳಲ್ಲಿ ಹರಡಿದ ಸುಳ್ಳು ಸಂದೇಶಗಳನ್ನು ನಂಬಿ ಅಂಜಿದವರಲ್ಲಿ ಓದಿದ ತಂದೆತಾಯಂದಿರೂ ಇದ್ದರು. ಅಂದಮೇಲೆ ಅಕ್ಷರವೊಂದೇ ಸಾಲದು.

ಲಸಿಕೆಯ ಗುಣದಲ್ಲಿ ನನಗೆ ಸಂಶಯವಿಲ್ಲ. ಸಿಡುಬು ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಆದರೆ ಹಿಂಜರಿಯುವ ತಾಯಿಯ ಮನೆಗೆ ಹೋಗುವವರು ಅವಳನ್ನು ಬೈಯುವ ಮುನ್ನ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು ಅವಳ ಅಂಜಿಕೆಯನ್ನು ಕೇಳಲಿ. ನಮ್ಮೂರಿನ ದಾಕಿನವರು ಮೊದಲ ಸಲವೇ ಹಾಗೆ ಕುಳಿತಿದ್ದರೆ, ನನ್ನ ಜೊತೆಗಾರ ಸೋದರಮಾವನ ಊರಿಗೆ ಹೋಗುತ್ತಿರಲಿಲ್ಲ.