ರೋಗಾಣುವಿನ ತೂಬು



ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಕಾಲುವೆಯ ತೂಬು ನಿಮಗೆಲ್ಲ ಗೊತ್ತು. ತೆರೆದರೆ ಹೊಲಕ್ಕೆ ನೀರು, ಮುಚ್ಚಿದರೆ ಇಲ್ಲ. ಇಂಥ ತೂಬುಗಳು ಕಣ್ಣಿಗೆ ಕಾಣದ ರೋಗಾಣುಗಳಿಗೂ ಇವೆ ಎಂದರೆ ನಂಬುತ್ತೀರಾ?

ಟೈಫಾಯಿಡ್ ತರುವ ಸಾಲ್ಮೊನೆಲ್ಲಾ, ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳ ಕೋಶಗೋಡೆಯ ಹೊರಗೆ ಇನ್ನೊಂದು ಜಿಡ್ಡಿನ ಪೊರೆ ಇದೆ. ನೀರಿನಲ್ಲಿ ಕರಗಿದ ಆಹಾರ ಅದನ್ನು ಸುಲಭವಾಗಿ ದಾಟಲಾರದು. ಅದಕ್ಕಾಗಿಯೇ ಪೊರೆಯ ತುಂಬ ಪ್ರೋಟೀನಿನ ಕೊಳವೆಗಳಿವೆ. ಇವುಗಳ ಹೆಸರು ‘ಪೋರಿನ್’. 1976ರಲ್ಲಿ ತೈಜಿ ನಕಾಯೆ ಎಂಬ ವಿಜ್ಞಾನಿ ಇವನ್ನು ಸಾಲ್ಮೊನೆಲ್ಲಾದಿಂದ ಬೇರ್ಪಡಿಸಿ ತೋರಿಸಿದರು. ಕೊಳವೆಯ ಅಗಲ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸಕ್ಕರೆಯಂಥ ಸಣ್ಣ ಅಣುಗಳು ನುಸುಳುತ್ತವೆ, ದೊಡ್ಡವು ಹೊರಗೇ ಉಳಿಯುತ್ತವೆ.

ಈಗ ಮುಖ್ಯ ಮಾತು. ಪೆನಿಸಿಲಿನ್ ಬಳಗದ ಅನೇಕ ಆ್ಯಂಟಿಬಯೋಟಿಕ್‌ಗಳು ಒಳಗೆ ಹೋಗುವುದೂ ಇದೇ ತೂಬಿನಿಂದ! ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲೋ ಒಂದರಲ್ಲಿ ಆಕಸ್ಮಿಕವಾಗಿ ಪೋರಿನ್ ಕಡಿಮೆಯಾಗಿರುತ್ತದೆ. ಅದಕ್ಕೆ ಆಹಾರವೂ ಕಡಿಮೆ, ಬೆಳವಣಿಗೆಯೂ ನಿಧಾನ. ಆದರೆ ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಅದು ಬದುಕುತ್ತದೆ, ಅದರ ಸಂತತಿಯೇ ಹೆಚ್ಚುತ್ತದೆ. ಔಷಧವನ್ನು ಒಡೆಯುವ ಕಿಣ್ವವೂ ಅದರಲ್ಲಿ ಸೇರಿಕೊಂಡರೆ, ಕೊನೆಯ ಅಸ್ತ್ರವೆಂದು ವೈದ್ಯರು ಕಾಯ್ದಿಟ್ಟ ಕಾರ್ಬಪೆನೆಮ್ ಕೂಡ ಸೋಲಬಹುದು. ಕ್ಲೆಬ್ಸಿಯೆಲ್ಲಾದಲ್ಲಿ ಇದು ಕಂಡುಬಂದಿದೆ.

ಅಂಥ ರೋಗಾಣುವಿಗೆ ಅವಕಾಶ ಕೊಡುವವರು ಯಾರು? ನಾವೇ. ನೆಗಡಿ ವೈರಸ್‌ನಿಂದ ಬರುತ್ತದೆ, ಆ್ಯಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ. ಆದರೂ ಅಂಗಡಿಯಲ್ಲಿ ಕೇಳಿ ಎರಡು ಗುಳಿಗೆ ನುಂಗುತ್ತೇವೆ. ಉಳಿದದ್ದನ್ನು ಡಬ್ಬಿಯಲ್ಲಿಟ್ಟು ಪಕ್ಕದ ಮನೆಯವರಿಗೂ ಕೊಡುತ್ತೇವೆ. ನಮ್ಮ ಮನೆಯಲ್ಲೂ ಅಂಥ ಡಬ್ಬಿ ಇತ್ತು, ಮುಚ್ಚಿಡಲಾರೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಸಾಲದಷ್ಟು ಔಷಧ ಸೇವಿಸಿದರೆ ರೋಗಾಣು ಬಲಿಯುತ್ತದೆ ಎಂದು ಎಚ್ಚರಿಸಿದ್ದರು.

ಪ್ರತಿ ಕಾಯಿಲೆಗೂ ಮದ್ದಿದೆ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಆ ಮದ್ದನ್ನು ಕೆಡಿಸದಿರುವುದು ನಮ್ಮ ಹೊಣೆ.

ವಿದ್ಯಾರ್ಥಿಗಳೇ, ಎಷ್ಟೋ ಮನೆಗಳಲ್ಲಿ ಗುಳಿಗೆಯ ಚೀಟಿ ಓದಬಲ್ಲವರು ನೀವೊಬ್ಬರೇ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಔಷಧ. ಇದನ್ನು ಇಂದು ರಾತ್ರಿಯೇ ಅಮ್ಮಿಗೆ, ದಾದಿಗೆ ತೋರಿಸಿ. ಗೆರೆ ಗುರುತಿಸಲು ಅಕ್ಷರ ಬೇಕಿಲ್ಲ. ವೈದ್ಯರು ಹೇಳಿದಷ್ಟು ದಿನ ತಪ್ಪದೆ ನುಂಗಿಸಿ. ಊಟಕ್ಕೆ ಮುಂಚೆ ಕೈ ತೊಳೆಯಿರಿ, ನೀರು ಕುದಿಸಿ ಕುಡಿಯಿರಿ. ಬಾರದ ಕಾಯಿಲೆಗೆ ಗುಳಿಗೆಯೇ ಬೇಡವಲ್ಲ!