ಹಾಸಿಗೆ ಕೊಳ್ಳುವ ಮುಂಚೆ ಮಲಗಿ ನೋಡಿ

(ಸಂಜೆ ತರಗತಿಯಲ್ಲಿ ಆಡಿದ ಮಾತುಗಳು)



ಹೋದ ವಾರ ನಮ್ಮ ತರಗತಿಯ ಒಬ್ಬ ಅಕ್ಕ ಅರ್ಧಕ್ಕೇ ಎದ್ದು ಹೊರಟರು. ಅವರು ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ದಿನವೆಲ್ಲ ಮಿಷನ್ ಮುಂದೆ ಬಗ್ಗಿ ಕೂರಬೇಕು. "ಯಾಕಕ್ಕ?" ಅಂದೆ. "ಸೊಂಟ ಹಿಡ್ಕೊಂಡಿದೆ ಟೀಚರ್. ರಾತ್ರಿ ನಿದ್ದೆ ಇಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಹಾಸಿಗೆ ನೋಡಿದೀನಿ. 12,000 ರೂಪಾಯಿ. ಕಂತಿನಲ್ಲಿ ಕೊಡ್ತಾರಂತೆ. ತಗೊಳ್ಳಲಾ?" ಅಂದರು.

ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಯಾಕಂದರೆ ಇದೇ ವಿಷಯದಲ್ಲಿ ನಾನೂ ಒಮ್ಮೆ ಪೇಚಿಗೆ ಸಿಕ್ಕಿದವಳು.

ಅಂಗಡಿಯಲ್ಲಿ ನಾನು ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದೆ. ಬೆಣ್ಣೆ ಹಾಗಿತ್ತು. ಅಂಚಿನ ಮೇಲೆ ಎರಡು ನಿಮಿಷ ಕೂತೆ. ನಾಲ್ಕು ಜನರ ಮುಂದೆ ಮಲಗಿ ನೋಡೋಕೆ ನಾಚಿಕೆ. ತಂದುಬಿಟ್ಟೆವು. ಆರು ತಿಂಗಳಿಗೆ ನಡುವೆ ಗುಂಡಿ ಬಿತ್ತು. ನಾನು, ನಮ್ಮ ಮನೆಯವರು ಇಬ್ಬರೂ ಉರುಳಿ ಅದೇ ಗುಂಡಿಗೆ ಬರುತ್ತಿದ್ದೆವು! ಬೆಳಿಗ್ಗೆ ಎದ್ದರೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಬಿಲ್ ಹಿಡಿದು ಅಂಗಡಿಗೆ ಹೋದೆ. "ಐದು ವರ್ಷ ಗ್ಯಾರಂಟಿ" ಅಂತ ಬಾಯಲ್ಲಿ ಹೇಳಿದ್ದರು. ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೇರೆ ಇತ್ತು. ಒಂದು ಇಂಚಿಗಿಂತ ಕಡಿಮೆ ಗುಂಡಿ ಬಿದ್ದರೆ ಗ್ಯಾರಂಟಿ ಇಲ್ಲ ಅಂತ. ಊರಿಗೆಲ್ಲ ಓದು ಹೇಳಿಕೊಡುವ ಟೀಚರ್ ಅದನ್ನು ಓದಿರಲಿಲ್ಲ.

ಮೆತ್ತಗಿದ್ದರೆ ಸುಖ ಅಂತ ನಾವು ತಿಳಿದಿದ್ದೇವೆ. ಹಿರಿಯರು ಇದಕ್ಕೆ ಉಲ್ಟಾ ಹೇಳುತ್ತಾರೆ. "ಬೆನ್ನು ನೋವಾ? ಗಟ್ಟಿ ನೆಲದ ಮೇಲೆ ಮಲಗು" ಅನ್ನುತ್ತಾರೆ. ಎಷ್ಟೋ ಡಾಕ್ಟರೂ ಹಾಗೇ ಹೇಳುತ್ತಿದ್ದರು. ಸ್ಪೇನ್ ದೇಶದ ವೈದ್ಯರು ಇದನ್ನು ಪರೀಕ್ಷೆ ಮಾಡಿದರು. ಬಹಳ ದಿನದಿಂದ ಸೊಂಟ ನೋವಿದ್ದ 313 ಜನರನ್ನು ಆರಿಸಿಕೊಂಡರು. ಸುಮಾರು ಅರ್ಧ ಜನಕ್ಕೆ ಗಟ್ಟಿ ಹಾಸಿಗೆ ಕೊಟ್ಟರು. ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ. 90 ದಿನ ಆದ ಮೇಲೆ ನೋಡಿದರೆ, ಮಧ್ಯಮ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಹೆಚ್ಚು ಇಳಿದಿತ್ತು. ಇದು 2003ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯರ ಪತ್ರಿಕೆಯಲ್ಲಿ ಬಂತು. ಹಾಗಂತ ಚಾಪೆ ಮೇಲೆ ನೋವಿಲ್ಲದೆ ಮಲಗುವವರು ಚಾಪೆ ಬಿಡಬೇಕಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆಯೇ ಇದೆಯಲ್ಲ.

ಮಧ್ಯಮ ಗಟ್ಟಿ ಅಂದರೆ ಎಷ್ಟು? ಅದನ್ನು ಲೇಬಲ್ ಹೇಳುವುದಿಲ್ಲ. ನಿಮ್ಮ ಮೈ ಹೇಳುತ್ತದೆ. 'ಆರ್ಥೋಪೆಡಿಕ್' ಅಂತ ದೊಡ್ಡದಾಗಿ ಅಚ್ಚಾಗಿದ್ದರೂ ಅದು ಡಾಕ್ಟರ ಚೀಟಿ ಅಲ್ಲ. ಚಪ್ಪಲಿ ಬಿಟ್ಟು ಹಾಸಿಗೆ ಮೇಲೆ ಮಲಗಿ. ಹತ್ತು ನಿಮಿಷ ಮಲಗಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಓಡಾಡಿ, ಇನ್ನೂ ಜಾಗ ಮಿಕ್ಕರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ಕೈ ತೂರಲೇ ಇಲ್ಲವೋ, ಮೆತ್ತಗಾಯಿತು. ಸ್ವಲ್ಪ ಒತ್ತಿಕೊಂಡು ಹೋದರೆ ಸರಿ. ಆಮೇಲೆ ಮಗ್ಗುಲಾಗಿ. ಭುಜಕ್ಕೆ ಒತ್ತಬಾರದು. ಹೊರಳುವಾಗ ಕೆಸರಿನಿಂದ ಏಳುವ ಹಾಗೆ ಆಗಬಾರದು. ಗಂಡ ಹೆಂಡತಿ ಇಬ್ಬರೂ ಮಲಗುವ ಹಾಸಿಗೆಯಾದರೆ ಇಬ್ಬರೂ ಹೋಗಿ. ಒಬ್ಬರು ಹಗುರ, ಒಬ್ಬರು ಭಾರ ಇರುತ್ತೀರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಕೊಳ್ಳುವಾಗ ಮಾತ್ರ ಕಾಲು ಇದ್ದಷ್ಟು ಹಾಸಿಗೆ ನೋಡಿ! 72 ಇಂಚು ಅಂದರೆ 6 ಅಡಿ. ನಿಮ್ಮ ಎತ್ತರಕ್ಕಿಂತ ಹಾಸಿಗೆ ಅರ್ಧ ಅಡಿಯಾದರೂ ಉದ್ದ ಇರಲಿ. ಮಂಚ ಇದ್ದರೆ ಮೊದಲು ಮಂಚ ಅಳೆಯಿರಿ.

ಅಂಗಡಿಯಲ್ಲಿ ಫೋಮ್, ಸ್ಪ್ರಿಂಗ್ ಅಂತ ಬಹಳ ಬಗೆ ತೋರಿಸುತ್ತಾರೆ. ನಾರಿನ ಹಾಸಿಗೆ ನಮಗೆ ಹೊಸದಲ್ಲ. ಸುರುಳಿ ಮಾಡಿದ ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ, ಒತ್ತಿ ಮಾಡುತ್ತಾರೆ. 1962ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾದ ಕರ್ಲಾನ್ ಕಂಪನಿ ಇದರಿಂದಲೇ ಮನೆಮಾತಾಯಿತು. ಯಾವ ಕಂಪನಿಯ ನಾರಿನ ಹಾಸಿಗೆಯಾದರೂ ನಮ್ಮ ಜನ 'ಕರ್ಲಾನ್' ಅಂತಲೇ ಕರೆಯುತ್ತಾರೆ. ಅದರೊಳಗೆ ಗಾಳಿ ಆಡುತ್ತದೆ, ಗಟ್ಟಿಯಾಗಿಯೂ ಇರುತ್ತದೆ.

ನನ್ನನ್ನು ಕೇಳಿದರೆ, ಮನೆಯಲ್ಲಿ ಹಳೇ ಹತ್ತಿ ಹಾಸಿಗೆ ಇದ್ದರೆ ಮೊದಲು ಅದನ್ನು ನೋಡಿ. ಹತ್ತಿ ಮೈಭಾರಕ್ಕೆ ಅಮುಕಿ ಗಂಟಾಗುತ್ತದೆ. ಹತ್ತಿ ಕೆಟ್ಟಿರುವುದಿಲ್ಲ. ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದರೆ ಹೊಸದರ ಹಾಗೆ ಆಗುತ್ತದೆ. ನಾನು ಚಿಕ್ಕವಳಿದ್ದಾಗ ಪಿಂಜಾರರು ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು ಬೀದಿಗೆ ಬರುತ್ತಿದ್ದರು. ಬಿಲ್ಲಿನ ದಾರ ಮೀಟಿದರೆ ಟಂಯ್ ಟಂಯ್ ಅಂತ ಸದ್ದು. ಹತ್ತಿ ಮೋಡದ ಹಾಗೆ ಏಳುತ್ತಿತ್ತು. ಈಗ ಹಾಸಿಗೆ ಹೊಲಿಯುವ ಅಂಗಡಿಗಳಲ್ಲಿ ಯಂತ್ರ ಬಂದಿದೆ. ನೀವು ಅಲ್ಲೇ ನಿಂತು ಮಾಡಿಸಿ. ಹಾಕುವ ಮುಂಚೆ, ಹಿಂಜಿದ ಮೇಲೆ, ಎರಡು ಸಲ ತೂಕ ನೋಡಿ. ಹೊಸ ಹತ್ತಿ ಸೇರಿಸಿದರೆ ಅದನ್ನೂ ತೂಗಿಸಿ. ಬೂರುಗದ ಹತ್ತಿ ಬಹಳ ಮೃದು, ದಿಂಬಿಗೆ ಚೆನ್ನ. ಲಾಲ್‌ಬಾಗಿಗೆ ಹೋದವರು ಕೆರೆ ಹತ್ತಿರದ ದೊಡ್ಡ ಬಿಳಿ ಬೂರುಗದ ಮರ ನೋಡಿರುತ್ತೀರಿ. ಆ ಜಾತಿಯ ಮರದ ಕಾಯೊಳಗಿನ ಹತ್ತಿಯೇ ಅದು.

ಹಾಸಿಗೆಯನ್ನು ನೆಲದ ಮೇಲೇ ಬಿಡಬೇಡಿ. ನಮ್ಮ ಚಿಕ್ಕ ಬಾಡಿಗೆ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಗೋಡೆಗೆ ಒರಗಿಸಿ ನಿಲ್ಲಿಸಿ. ಕೆಲಸದ ಮನೆಯವರು ಹಳೇ ಹಾಸಿಗೆ ಕೊಟ್ಟರೆ, ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕೆ ಇದೆಯಾ ನೋಡಿ. ಇದ್ದರೆ ತಿಗಣೆ. ಬಿಸಿಲಿಗೆ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಬೇಡ ಅನ್ನಿ.

ಎಳೇ ಕೂಸನ್ನು ಮಾತ್ರ ಮೆತ್ತನೆಯ ಹಾಸಿಗೆ ಮೇಲೆ ಮಲಗಿಸಬೇಡಿ. ಮುಖ ಹೂತುಕೊಂಡರೆ ಉಸಿರು ಕಟ್ಟುತ್ತದೆ. ಸಮನಾದ, ಗಟ್ಟಿ ಜಾಗದಲ್ಲಿ ಅಂಗಾತ ಮಲಗಿಸಿ. ಸುತ್ತ ದಿಂಬು ಜೋಡಿಸಬೇಡಿ.

ಈಗ ಆ ಅಕ್ಕನ ಕಂತಿನ ಲೆಕ್ಕಕ್ಕೆ ಬರೋಣ. ಅವರು ಚೀಟಿ ತಂದಿದ್ದರು. ನಾವಿಬ್ಬರೂ ಓದಿದೆವು. ತಿಂಗಳಿಗೆ 1,100 ರೂಪಾಯಿ, 12 ತಿಂಗಳು. ಒಟ್ಟು 13,200. ಜೊತೆಗೆ ಫೀಸು 500. ಅಲ್ಲಿಗೆ 13,700. ಅಂದರೆ 1,700 ರೂಪಾಯಿ ಹೆಚ್ಚು. ಗುಣಿಸಿದ್ದು ಅವರೇ, ನಾನು ಬರೀ ನೋಡುತ್ತಾ ಕೂತಿದ್ದೆ. "ಕಂತು ಕಟ್ಟೋ ಚಿಂತೆಗೇ ನಿದ್ದೆ ಹೋಗುತ್ತೆ ಬಿಡಿ ಟೀಚರ್" ಅಂದರು.

ಕೊಳ್ಳುವವರು ಬಿಲ್ ಕೇಳಿ. ಗ್ಯಾರಂಟಿ ಕಾರ್ಡನ್ನು ಅಂಗಡಿಯಲ್ಲೇ ಓದಿ. "100 ರಾತ್ರಿ ಮಲಗಿ, ಬೇಡವಾದರೆ ವಾಪಸ್" ಅಂದರೆ ಅದು ಬರಹದಲ್ಲಿ ಇದೆಯಾ ನೋಡಿ. ಮೋಸವಾದರೆ 1915 ನಂಬರಿಗೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ.

ಇನ್ನೊಂದು ಮಾತು. ಸೊಂಟ ನೋವು ಕಾಲಿಗೆ ಇಳಿದರೆ, ಕಾಲು ಜೋಮು ಹಿಡಿದರೆ ಹಾಸಿಗೆ ಅಂಗಡಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಜಯನಗರದಲ್ಲೇ, ಬೈರಸಂದ್ರದ ಹತ್ತಿರ, ಮೂಳೆ ರೋಗಕ್ಕೆ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ನಮ್ಮ ಅಕ್ಕ ಸೋಮವಾರ ರಜೆ ಹಾಕಿ ಅಲ್ಲಿಗೆ ಹೋಗುತ್ತಾರೆ. ಮನೆಯ ಹತ್ತಿ ಹಾಸಿಗೆಯನ್ನು ಈ ವಾರ ಹಿಂಜಲು ಕೊಟ್ಟಿದ್ದಾರೆ.

ಮುಂದಿನ ಶನಿವಾರ ನೀವೆಲ್ಲ ನಿಮ್ಮ ಮಂಚ ಅಥವಾ ಹಾಸಿಗೆಯ ಉದ್ದ, ಅಗಲ ಅಳೆದು ಇಂಚಿನಲ್ಲಿ ಬರೆದು ತನ್ನಿ. ಟೇಪು ಇಲ್ಲದವರು ನನ್ನ ಹತ್ತಿರ ಇಸಿದುಕೊಳ್ಳಿ. ಮನೆಯಲ್ಲಿ ಯಾವುದಾದರೂ ಹಳೇ ಗ್ಯಾರಂಟಿ ಕಾರ್ಡ್ ಇದ್ದರೆ ಅದನ್ನೂ ತನ್ನಿ. ಸಣ್ಣ ಅಕ್ಷರಗಳನ್ನು ಒಟ್ಟಿಗೆ ಕೂತು ಓದೋಣ.